ಬೆದರಿದ ಮನಸ್ಸು ಬಾಯ್ಬಿಡುವುದೆ?

ಪರೀಕ್ಷೆಯ ಕೊಠಡಿಯಲ್ಲಿ ಕುಳಿತಿರುವಾಗ, ಚೆನ್ನಾಗಿ ಬಲ್ಲ ಹೆಸರೊಂದು ಥಟ್ಟನೆ ಮರೆತುಹೋಗುವ ಅನುಭವ ನಮ್ಮ ವಾಚಕರಲ್ಲಿ ಯಾರಿಗೆ ತಾನೆ ಆಗಿಲ್ಲ? ಗಡಿಯಾರದ ಮುಳ್ಳು ಮುಂದೆ ಸರಿದಷ್ಟೂ ಆ ಹೆಸರು ಹಿಂದೆ ಸರಿಯುವುದು. ಗಂಟೆ ಬಾರಿಸಿ, ಉತ್ತರಪತ್ರಿಕೆಯನ್ನು ಒಪ್ಪಿಸಿ, ಮೆಟ್ಟಿಲಿಳಿಯುವಷ್ಟರಲ್ಲಿ ಅದು ಕರೆಯದೆಯೇ ಬಂದು ನಾಲಗೆಯ ಮೇಲೆ ನಿಲ್ಲುವುದು. ಅವಸರ, ಅಂಜಿಕೆ, ನೆನಪು ಈ ಮೂರಕ್ಕೂ ಇರುವ ನಂಟು ಎಂಥದು? ಈ ಪ್ರಶ್ನೆಯನ್ನೇ ಕಥೆಯ ನಡುಗಂಬವಾಗಿ ಮಾಡಿಕೊಂಡು, ಕೊನೆಗೆ ಅದನ್ನು ಮರೆತೇಬಿಟ್ಟ ಅಮೆರಿಕದ ಚಲಚ್ಚಿತ್ರವೊಂದನ್ನು ಇಲ್ಲಿ ಪರಿಶೀಲಿಸೋಣ.

2001ರ ಸೆಪ್ಟೆಂಬರಿನಲ್ಲಿ ತೆರೆಕಂಡ ಆ ಚಿತ್ರದ ಹೆಸರು 'ಡೋಂಟ್ ಸೇ ಎ ವರ್ಡ್'; ಒಂದು ಮಾತನ್ನೂ ಆಡಬೇಡ ಎಂದು ಅದರ ಅರ್ಥ. ಆಂಡ್ರೂ ಕ್ಲೇವನ್ ಎಂಬವರ ಕಾದಂಬರಿಯನ್ನು ಆಧರಿಸಿ ಗ್ಯಾರಿ ಫ್ಲೆಡರ್ ಅದನ್ನು ನಿರ್ದೇಶಿಸಿದರು. ನ್ಯೂಯಾರ್ಕಿನ ಮನೋವೈದ್ಯ ನೇಥನ್ ಕಾನ್ರಾಡನ ಪಾತ್ರ ಮೈಕೇಲ್ ಡಗ್ಲಸ್ ಅವರದು. ಹಬ್ಬದ ದಿನ ಬೆಳಿಗ್ಗೆ ಎದ್ದು ನೋಡಿದರೆ ವೈದ್ಯನ ಪುಟ್ಟ ಮಗಳು ಮನೆಯಲ್ಲಿಲ್ಲ. ಹೆಂಡತಿ ಕಾಲು ಮುರಿದು ಹಾಸಿಗೆ ಹಿಡಿದಿದ್ದಾಳೆ. ಮಗುವನ್ನು ಅಪಹರಿಸಿದ ದರೋಡೆಕೋರರು ಕೇಳುವುದು ಹಣವನ್ನಲ್ಲ, ಆರು ಅಂಕಿಗಳ ಒಂದು ಸಂಖ್ಯೆಯನ್ನು. ಅದು ಎಲಿಸಬೆತ್ ಎಂಬ ತರುಣಿಯ ಮನಸ್ಸಿನಲ್ಲಿ ಅಡಗಿದೆ. ಆಕೆ ಹತ್ತು ವರ್ಷಗಳಿಂದ ಮಾನಸಿಕ ಆಸ್ಪತ್ರೆಗಳಲ್ಲಿ ಕಾಲ ಕಳೆದವಳು. ಸಂಜೆ 5 ಗಂಟೆಯೊಳಗೆ ವೈದ್ಯನು ಆ ಸಂಖ್ಯೆಯನ್ನು ಆಕೆಯಿಂದ ಹೊರಡಿಸಬೇಕು. ಇಲ್ಲವಾದರೆ ಮಗು ಉಳಿಯದು.

ಇಂಥ ಕಥೆಯನ್ನು ಕೇಳಿದೊಡನೆ ನಮ್ಮ ಕುತೂಹಲ ಕೆರಳಿತೆಂದು ಬೇರೆ ಹೇಳಬೇಕಾಗಿಲ್ಲ. ಬ್ರಿಟನಿ ಮರ್ಫಿ ಅವರು ಎಲಿಸಬೆತಳ ಪಾತ್ರವನ್ನು ಬಹು ಚೆನ್ನಾಗಿ ನಿರ್ವಹಿಸಿದ್ದಾರೆ. ಆಕೆಯ ರೋಗಲಕ್ಷಣಗಳಲ್ಲಿ ಹಲವು ಅನುಕರಣೆಯೆಂದು ವೈದ್ಯನು ಕಂಡುಕೊಳ್ಳುವ ಭಾಗವೂ ಸೊಗಸಾಗಿದೆ. ಆದರೆ ಅಲ್ಲಿಂದ ಮುಂದೆ ಚಿತ್ರವು ಮನಸ್ಸನ್ನು ಬಿಟ್ಟು ಗಡಿಯಾರವನ್ನು ಹಿಡಿಯುವುದು. ಓಟ, ಬೆನ್ನಟ್ಟುವಿಕೆ, ಗುಂಡಿನ ಸದ್ದುಗಳಲ್ಲಿ ಮುಗಿಯುವುದು. ನಮ್ಮ ನಿರಾಶೆಯ ಕಾರಣವನ್ನು ವಿವರಿಸಲು ಕಥೆಯ ಗುಟ್ಟನ್ನು ಹೇಳದೆ ವಿಧಿಯಿಲ್ಲ.

ಎಲಿಸಬೆತಳ ತಂದೆ ಹಿಂದೆ ಆ ದರೋಡೆಕೋರರ ಜೊತೆಗಾರನಾಗಿದ್ದು, 1991ರಲ್ಲಿ ಕದ್ದ ಕೆಂಪು ರತ್ನವೊಂದನ್ನು ತಾನೇ ಇಟ್ಟುಕೊಂಡವನು. ಅವರು ಅವನನ್ನು ನೆಲದಡಿಯ ರೈಲಿನ ಮುಂದಕ್ಕೆ ನೂಕಿ ಕೊಂದರು. ಬಾಲಕಿ ಅದನ್ನು ಕಣ್ಣಾರೆ ಕಂಡಳು. ತಂದೆಯ ಶವಪೆಟ್ಟಿಗೆಯನ್ನು ಒಯ್ದ ದೋಣಿಯಲ್ಲಿ ಅಡಗಿ ಹೋಗಿ, ರತ್ನವಿದ್ದ ಗೊಂಬೆ ಆ ಪೆಟ್ಟಿಗೆಯನ್ನು ಸೇರಿದುದನ್ನೂ ಕಂಡಳು. 815508 ಎಂಬುದು ಆ ಪೆಟ್ಟಿಗೆಯ ಸಂಖ್ಯೆ.

ಮೊದಲನೆಯ ಪ್ರಶ್ನೆ: ಭಯಂಕರ ಘಟನೆಯ ನೆನಪು ಅಳಿಯುವುದೆ, ಉಳಿಯುವುದೆ? 1994ರಲ್ಲಿ ಲ್ಯಾರಿ ಕೇಹಿಲ್, ಜೇಮ್ಸ್ ಮೆಗಾ ಮತ್ತು ಅವರ ಸಂಗಡಿಗರು ಒಂದು ಪ್ರಯೋಗ ನಡೆಸಿದರು. ಅಪಘಾತಕ್ಕೆ ಸಿಕ್ಕ ಹುಡುಗನೊಬ್ಬನ ಕಥೆಯನ್ನು ಚಿತ್ರಗಳೊಡನೆ ಕೇಳಿಸಿ, ಒಂದು ವಾರದ ಮೇಲೆ ನೆನಪನ್ನು ಪರೀಕ್ಷಿಸಿದರು. ಕಥೆಯ ಮನ ಕಲಕುವ ಭಾಗವು ಕೇಳಿದವರಲ್ಲಿ ಹೆಚ್ಚು ಚೆನ್ನಾಗಿ ಉಳಿದಿತ್ತು. ಆದರೆ ಅಡ್ರಿನಲಿನ್ ವರ್ಗದ ರಸಗಳ ಪ್ರಭಾವವನ್ನು ತಡೆಯುವ ಔಷಧವನ್ನು ಮೊದಲೇ ಸೇವಿಸಿದ್ದವರಿಗೆ ಆ ಹೆಚ್ಚಳವಿರಲಿಲ್ಲ. ಭಯವು ನೆನಪಿನ ಅಚ್ಚನ್ನು ಆಳವಾಗಿ ಒತ್ತುವುದೆಂದಾಯಿತು. ಎಲಿಸಬೆತಳೂ ಮರೆತವಳಲ್ಲ, ನೆನಪಿದ್ದೂ ಅಂಜಿ ಬಾಯಿ ಕಟ್ಟಿಕೊಂಡವಳು. ಆರು ಅಂಕಿಗಳು ಸಾಮಾನ್ಯವಾಗಿ ಕೆಲವು ಕ್ಷಣಗಳಲ್ಲಿ ಮನಸ್ಸಿನಿಂದ ಜಾರಿಹೋಗತಕ್ಕವು. ಆಕೆಗಾದರೋ ಅದು ಬರಿಯ ಸಂಖ್ಯೆಯಲ್ಲ, ತಂದೆಯ ಕಡೆಯ ವಿಳಾಸ. ಇಲ್ಲಿಯವರೆಗೆ ಚಿತ್ರವು ವಿಜ್ಞಾನಕ್ಕೆ ವಿರುದ್ಧವಾಗಿಲ್ಲ.

ಎರಡನೆಯ ಪ್ರಶ್ನೆ: ಅವಸರಪಡಿಸಿದರೆ ನೆನಪು ಬೇಗ ಬರುವುದೆ? ಒತ್ತಡಕ್ಕೆ ಸಿಕ್ಕಾಗ ನಮ್ಮ ದೇಹದಲ್ಲಿ ಕಾರ್ಟಿಸೋಲ್ ಎಂಬ ರಸವು ಹೆಚ್ಚುವುದು. 2000ದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಪದಗಳ ಪಟ್ಟಿಯೊಂದನ್ನು ಕಲಿತವರಿಗೆ ಮರುದಿನ ಪರೀಕ್ಷೆಗೆ ಒಂದು ಗಂಟೆ ಮೊದಲು ಅದೇ ಜಾತಿಯ ಕಾರ್ಟಿಸೋನನ್ನು ಕೊಟ್ಟರು. ಅವರು ನೆನಪಿಸಿಕೊಂಡ ಪದಗಳು ಕಡಮೆಯಾದವು. ನೆನಪನ್ನು ಆಳವಾಗಿ ಒತ್ತುವ ಕಳವಳವೇ ಅದನ್ನು ಹೊರತೆಗೆಯುವ ವೇಳೆಗೆ ಬಾಗಿಲಿಗೆ ಅಗುಳಿಯಾಗಬಲ್ಲದು! ಪರೀಕ್ಷೆಯ ಕೊಠಡಿಯ ಮರೆವಿಗೂ ಇದು ಒಂದು ಕಾರಣವಾಗಿರಬಹುದು.

ಮೂರನೆಯದು ಇನ್ನೂ ಗಹನ: ಬಲವಂತದಿಂದ ಹೊರಟುದು ನಿಜವೆ? 1995ರಲ್ಲಿ ಎಲಿಸಬೆತ್ ಲಾಫ್ಟಸ್ ಮತ್ತು ಜಾಕ್ವೆಲಿನ್ ಪಿಕ್ರೆಲ್ ಅವರು 24 ಜನರಿಗೆ ಅವರ ಬಾಲ್ಯದ ಮೂರು ನಿಜ ಘಟನೆಗಳನ್ನೂ, ಮಳಿಗೆಗಳ ಸಾಲಿನಲ್ಲಿ ತಪ್ಪಿಸಿಕೊಂಡಿದ್ದಿರೆಂಬ ಒಂದು ಸುಳ್ಳು ಘಟನೆಯನ್ನೂ ತಿಳಿಸಿ, ನೆನಪಿಸಿಕೊಳ್ಳಲು ಕೇಳಿದರು. ಸುಮಾರು ಕಾಲುಭಾಗದಷ್ಟು ಜನ, ಎಂದೂ ನಡೆಯದ ಆ ಸಂಗತಿಯನ್ನು ಪೂರ್ಣವಾಗಿಯೋ ಸ್ವಲ್ಪವಾಗಿಯೋ ನೆನಪಿಸಿಕೊಂಡರು. ನೆನಪು ಪೆಟ್ಟಿಗೆಯಲ್ಲಿಟ್ಟ ನಾಣ್ಯದಂತಲ್ಲ. ತೆಗೆದಾಗಲೆಲ್ಲ ಸ್ವಲ್ಪ ಹೊಸದಾಗಿ ಕಟ್ಟಿಕೊಳ್ಳುವಂಥದು. ಬೆದರಿದ ರೋಗಿಯನ್ನು ವೈದ್ಯನು ಒತ್ತಾಯಿಸಿ ಕೇಳಿದರೆ, ಆತನಿಗೆ ಬೇಕಾದುದೇ ಉತ್ತರವಾಗಿ ಬರುವ ಅಪಾಯವುಂಟು. ಚಿತ್ರದಲ್ಲಿ ಈ ಅನುಮಾನದ ಸುಳಿವೇ ಇಲ್ಲ. ಸಂಖ್ಯೆ ಹೊರಬೀಳುವುದೇ ತಡ, ಎಲ್ಲರೂ ಅದನ್ನು ನಂಬಿ ಓಡುವರು.

ವೈದ್ಯನು ತನ್ನ ಮಗಳ ಸಂಕಟವನ್ನು ತಿಳಿಸಿ ಎಲಿಸಬೆತಳ ವಿಶ್ವಾಸವನ್ನು ಗಳಿಸುವನೇನೋ ನಿಜ. ಆದರೆ ಹತ್ತು ವರ್ಷಗಳ ಅಂಜಿಕೆಗೆ ಕೆಲವು ಗಂಟೆಗಳ ಚಿಕಿತ್ಸೆ ಸಾಲದು. ನಿಜವಾದ ಚಿಕಿತ್ಸೆಯಲ್ಲಿ ರೋಗಿಗೆ ಮೊದಲು ಅಭಯ, ಆಮೇಲೆ ಮಾತು. ಅದು ವಾರಗಟ್ಟಲೆ, ತಿಂಗಳುಗಟ್ಟಲೆ ನಡೆಯುವಂಥದು. ಇದಕ್ಕಿಂತ ಮುಖ್ಯವಾದುದು ಧರ್ಮದ ಪ್ರಶ್ನೆ. ತಂದೆಯಾಗಿ ಆತನಿಗೆ ಸಂಖ್ಯೆ ಬೇಕು. ವೈದ್ಯನಾಗಿ ಆತನು ರೋಗಿಯ ಗುಟ್ಟಿಗೆ ಕಾವಲುಗಾರ. ಕಳ್ಳರು ಹೆದರಿಸಿ ಪಡೆಯಲಾರದುದನ್ನು ವೈದ್ಯನು ನಂಬಿಸಿ ಪಡೆದು ಅವರಿಗೇ ಒಪ್ಪಿಸುವುದು ಸರಿಯೆ? ಒಂದು ಮಗುವಿನ ಉಳಿವಿಗಾಗಿ, ಹಿಂದೊಮ್ಮೆ ಅಂಥದೇ ಮಗುವಾಗಿದ್ದವಳನ್ನು ಅಪಾಯಕ್ಕೆ ನೂಕಬಹುದೆ? ಇದಕ್ಕೆ ಸುಲಭವಾದ ಉತ್ತರವಿಲ್ಲ. ಆದುದರಿಂದಲೇ ಕಥೆಗಾರನು ಇಲ್ಲಿ ನಿಲ್ಲಬೇಕಾಗಿತ್ತು. ಚಿತ್ರವು ಗಡಿಯಾರವನ್ನು ನೋಡಿಕೊಂಡು ಮುಂದೆ ಓಡಿಬಿಡುವುದು.

ಕೊನೆಯ ದೃಶ್ಯದ ತಾಣವಾದ ಹಾರ್ಟ್ ದ್ವೀಪ ಕಲ್ಪನೆಯಲ್ಲ. 1869ರಿಂದ ನ್ಯೂಯಾರ್ಕ್ ನಗರವು ದಿಕ್ಕಿಲ್ಲದವರನ್ನೂ ಬಡವರನ್ನೂ ಅಲ್ಲಿ ಹೂಳುತ್ತ ಬಂದಿದೆ; ಅಂಥವರ ಸಂಖ್ಯೆ 10 ಲಕ್ಷವನ್ನು ಮೀರುತ್ತದೆ. ಉದ್ದವಾದ ಗುಂಡಿಗಳಲ್ಲಿ ಪೆಟ್ಟಿಗೆಯ ಮೇಲೆ ಪೆಟ್ಟಿಗೆಯನ್ನಿಟ್ಟು ಮುಚ್ಚುವ ಆ ಕೆಲಸವನ್ನು 2020ರವರೆಗೆ ಮಾಡುತ್ತಿದ್ದವರು ಸೆರೆಮನೆಯ ಕೈದಿಗಳು. 2021ರಲ್ಲಿ ದ್ವೀಪವು ನಗರದ ಉದ್ಯಾನ ಇಲಾಖೆಯ ವಶಕ್ಕೆ ಬಂತು. ಅಷ್ಟು ಜನರ ನಡುವೆ ತನ್ನ ತಂದೆ ಕಳೆದುಹೋಗದಿರಲೆಂದು ಹುಡುಗಿಯೊಬ್ಬಳು ಹತ್ತು ವರ್ಷ ಒಂದು ಸಂಖ್ಯೆಯನ್ನು ಎದೆಯಲ್ಲಿಟ್ಟುಕೊಂಡಳು ಎಂಬುದೇ ಈ ಕಥೆಯ ತಿರುಳು. ಚಿತ್ರಕ್ಕೆ ಮಾತ್ರ ಆ ಮಣ್ಣಿನಲ್ಲಿ ರತ್ನವೊಂದೇ ಕಂಡಿತು.

ಇಂಥ ಚಿತ್ರಗಳನ್ನು ನೋಡಬಾರದೆಂದು ನಾವು ಹೇಳೆವು. ನೋಡುವಾಗ ಒಂದು ಪ್ರಶ್ನೆಯನ್ನು ಮಾತ್ರ ಕೇಳಿಕೊಳ್ಳಿ: ಇಲ್ಲಿ ಬೀಗ ತೆಗೆದುದು ನಂಬಿಕೆಯೊ, ಬೆದರಿಕೆಯೊ? ನಾಳೆ ನಿಮ್ಮ ಸಹಪಾಠಿಯೊಬ್ಬ ಯಾವುದೋ ಸಂಕಟವನ್ನು ಹೇಳಲಾರದೆ ಕುಳಿತಿದ್ದರೆ, ಬಾಯಿ ಬಿಡೆಂದು ಕಾಡಬೇಡಿ. ಸ್ವಲ್ಪ ಹೊತ್ತು ಸುಮ್ಮನೆ ಪಕ್ಕದಲ್ಲಿ ಕುಳಿತುಕೊಳ್ಳಿ. ಹೇಳಬೇಕೆನಿಸಿದಾಗ ಅವನೇ ಹೇಳುವನು.