ಪ್ರಶ್ನೆ ಮುಗಿಯುವ ಮುನ್ನ

ಪ್ರಶ್ನೆ ಕೇಳುವುದೂ ಉತ್ತರ ಹೇಳುವುದೂ ನಮಗೆ ಹೊಸ ವಿನೋದವೇನಲ್ಲ. ಮದುವೆಮನೆಯಲ್ಲಿ ಬೀಗರನ್ನು ಕಾಡಿಸಲು ಒಡ್ಡುತ್ತಿದ್ದ ಒಗಟುಗಳಿಂದ ಹಿಡಿದು ಪೃಚ್ಛಕರ ನಡುವೆ ಕುಳಿತ ಅವಧಾನಿಯ ಆಶುಪ್ರತಿಭೆಯವರೆಗೆ, ಪ್ರಶ್ನೆಯೆಂಬುದು ನಮ್ಮಲ್ಲಿ ಆಟವೂ ಆಗಿದೆ, ಪರೀಕ್ಷೆಯೂ ಆಗಿದೆ. ಆದರೆ ಪ್ರಶ್ನೋತ್ತರವನ್ನೇ ಒಂದು ಕ್ರೀಡೆಯಾಗಿ ಕಟ್ಟಿ, ಅದಕ್ಕೆ ತಂಡ, ನಾಯಕ, ತರಬೇತುದಾರ, ತೀರ್ಪುಗಾರ, ಅಂಕಪಟ್ಟಿಗಳನ್ನು ಒದಗಿಸಿ, ಶಾಲೆಶಾಲೆಗಳ ನಡುವೆ ತಿಂಗಳುಗಟ್ಟಲೆ ಪಂದ್ಯ ನಡೆಸುವ ಪದ್ಧತಿಯೊಂದು ಅಮೆರಿಕದ ಪ್ರೌಢಶಾಲೆಗಳಲ್ಲಿ ಬೆಳೆದು ನಿಂತಿದೆ. ಅದನ್ನು ಅಲ್ಲಿ 'ಕ್ವಿಜ್ ಬೌಲ್' ಎನ್ನುತ್ತಾರೆ. ಕೆಲವು ರಾಜ್ಯಗಳಲ್ಲಿ 'ಸ್ಕೊಲಾಸ್ಟಿಕ್ ಬೌಲ್' ಎಂಬ ಹೆಸರೂ ಉಂಟು. ಈ ಆಟದ ವ್ಯವಸ್ಥೆ ಹೇಗೆ ನಡೆಯುತ್ತದೆ ಎಂಬುದನ್ನು ವಿವರಿಸುವುದು ಈ ಭಾಷಣದ ಉದ್ದೇಶ. ಅದರ ಜೊತೆಗೆ, ಆ ವ್ಯವಸ್ಥೆಯ ತಿರುಳಿನಲ್ಲಿರುವ ಒಂದು ಸಮಸ್ಯೆಯನ್ನೂ ನಿಮ್ಮ ಮುಂದಿಡಬೇಕೆಂದಿದ್ದೇನೆ. ಹೆಚ್ಚು ತಿಳಿದವನೇ ಗೆಲ್ಲುವಂತೆ ಪ್ರಶ್ನೆಯೊಂದನ್ನು ರಚಿಸುವುದು ಹೇಗೆ? ಉಪಾಧ್ಯಾಯರನ್ನೂ ಪರೀಕ್ಷಕರನ್ನೂ ಎಂದಿನಿಂದಲೂ ಕಾಡಿದ ಸಮಸ್ಯೆ ಇದು.

ಈ ಆಟ ಹುಟ್ಟಿದ್ದು ಬಾನುಲಿಯಲ್ಲಿ ಎಂಬುದನ್ನು ಇಲ್ಲಿ ನೆನೆಯುವುದು ಉಚಿತ. 1953ರಲ್ಲಿ ಅಮೆರಿಕದ ಎನ್‌ಬಿಸಿ ಬಾನುಲಿ ಜಾಲ 'ಕಾಲೇಜ್ ಬೌಲ್' ಎಂಬ ಕಾರ್ಯಕ್ರಮವನ್ನು ಪ್ರಸಾರ ಮಾಡತೊಡಗಿತು. ಬಟ್ಟಲಿನಾಕಾರದ ಕ್ರೀಡಾಂಗಣಗಳಲ್ಲಿ ನಡೆಯುತ್ತಿದ್ದ ಕಾಲೇಜು ಫುಟ್‌ಬಾಲ್ ಪಂದ್ಯಗಳಿಗೆ 'ಬೌಲ್' ಎಂಬ ಹೆಸರಿತ್ತು. ಅದನ್ನೇ ಎರವಲು ತಂದರು. 1959ರಲ್ಲಿ ಕಾರ್ಯಕ್ರಮ ದೂರದರ್ಶನದ ತೆರೆಗೆ ಬಂದು 1970ರವರೆಗೆ ನಡೆಯಿತು. ಅದರ ಮಾದರಿಯಲ್ಲೇ 1962ರಲ್ಲಿ ಬ್ರಿಟನ್ನಿನ 'ಯೂನಿವರ್ಸಿಟಿ ಚಾಲೆಂಜ್' ಆರಂಭವಾಯಿತು. ಪ್ರೌಢಶಾಲೆಯ ಮಕ್ಕಳಿಗಾಗಿ ವಾಷಿಂಗ್ಟನ್ ನಗರದಲ್ಲಿ 1961ರಲ್ಲಿ 'ಇಟ್ಸ್ ಅಕಡೆಮಿಕ್' ಮೊದಲಾಯಿತು. ಮ್ಯಾಕ್ ಮೆಕ್‌ಗ್ಯಾರಿ ಎಂಬವರು ಅದನ್ನು 2011ರವರೆಗೆ, ಎಂದರೆ ಅರ್ಧ ಶತಮಾನ ಕಾಲ, ನಡೆಸಿಕೊಟ್ಟರು. ದೀಪಗಳ ಮುಂದೆ ಕೂರುವ ಅದೃಷ್ಟ ಕೆಲವೇ ತಂಡಗಳಿಗೆ ಮೀಸಲು. ಉಳಿದ ಶಾಲೆಗಳು ತಮ್ಮ ತರಗತಿಯ ಕೋಣೆಗಳಲ್ಲೇ, ಪ್ರೇಕ್ಷಕರಿಲ್ಲದೆಯೇ, ಈ ಆಟವನ್ನು ಆಡತೊಡಗಿದವು. ಇಂದು ನಾವು ಕಾಣುವ ಪ್ರಾದೇಶಿಕ ಪಂದ್ಯಾವಳಿಗಳು ಇಂಥ ಕೋಣೆಗಳಲ್ಲೇ ನಡೆಯುತ್ತವೆ.

ನಿದರ್ಶನಕ್ಕೆ ಇಲಿನಾಯ್ ರಾಜ್ಯವನ್ನು ತೆಗೆದುಕೊಳ್ಳೋಣ. ಅಲ್ಲಿ ನೆರೆಹೊರೆಯ ಹಲವು ಶಾಲೆಗಳು ಸೇರಿ ಒಂದು ಕೂಟವಾಗುತ್ತವೆ. ಪ್ರತಿ ಶಾಲೆಗೂ ಉಪಾಧ್ಯಾಯರೊಬ್ಬರು ತರಬೇತುದಾರರು. ಆಡುವವರು 14ರಿಂದ 18 ವರ್ಷದ ಮಕ್ಕಳು. ಅವರಲ್ಲಿ ಹಿರಿಯರ ತಂಡ ಬೇರೆ, ಕಿರಿಯರ ತಂಡ ಬೇರೆ. ವಾರದ ದಿನಗಳಲ್ಲಿ ಪಾಠ ಮುಗಿದ ಮೇಲೆ ಒಂದು ಶಾಲೆಯವರು ಇನ್ನೊಂದು ಶಾಲೆಗೆ ಹೋಗಿ ಕೂಟದ ಪಂದ್ಯಗಳನ್ನು ಆಡುತ್ತಾರೆ. ಶನಿವಾರಗಳಲ್ಲಿ ಯಾವುದಾದರೊಂದು ಶಾಲೆ ದೂರದೂರದ ತಂಡಗಳನ್ನು ಆಹ್ವಾನಿಸಿ ದಿನವಿಡೀ ಪಂದ್ಯಾವಳಿ ನಡೆಸುತ್ತದೆ: ಬೆಳಿಗ್ಗೆ ತಂಡಗಳನ್ನು ಗುಂಪುಗಳಾಗಿ ವಿಂಗಡಿಸಿ, ಗುಂಪಿನೊಳಗೆ ಪ್ರತಿಯೊಬ್ಬರೂ ಪ್ರತಿಯೊಬ್ಬರೊಡನೆ ಆಡುವ ಏರ್ಪಾಡು; ಮಧ್ಯಾಹ್ನ ಮುಂದೆ ಬಂದವರೊಳಗೆ ಅಂತಿಮ ಸುತ್ತುಗಳು. ಕೊನೆಯಲ್ಲಿ ರಾಜ್ಯಮಟ್ಟದ ಸ್ಪರ್ಧೆ. ಬ್ಯಾಸ್ಕೆಟ್‌ಬಾಲ್, ಓಟ, ಈಜುಗಳ ಪಂದ್ಯ ನಡೆಸುವ ಇಲಿನಾಯ್ ಪ್ರೌಢಶಾಲಾ ಸಂಘವೇ 1980ರ ದಶಕದಿಂದ ಇದನ್ನೂ ನಡೆಸಿಕೊಂಡು ಬಂದಿದೆ. ವಿದ್ಯಾರ್ಥಿಗಳ ಸಂಖ್ಯೆಗೆ ಅನುಸಾರವಾಗಿ ಶಾಲೆಗಳನ್ನು ಎರಡು ವರ್ಗ ಮಾಡಿರುವುದರಿಂದ ಹಳ್ಳಿಯ ಚಿಕ್ಕ ಶಾಲೆ ನಗರದ ದೊಡ್ಡ ಶಾಲೆಯೊಡನೆ ಸೆಣಸಿ ಸೋಲಬೇಕಾಗಿಲ್ಲ.

ಇದಕ್ಕೆಲ್ಲ ಬೇಕಾದ ಸಲಕರಣೆ ಅತ್ಯಲ್ಪ. ಎದುರುಬದುರು ಎರಡು ಸಾಲು ಕುರ್ಚಿ, ಒಂದು ಬಜರ್ ಪೆಟ್ಟಿಗೆ, ಪ್ರಶ್ನೆ ಓದುವವರೊಬ್ಬರು, ಅಂಕ ಬರೆಯುವವರೊಬ್ಬರು, ಇಷ್ಟೇ. ಬಜರ್ ಪೆಟ್ಟಿಗೆಯ ಕೆಲಸವೂ ಸರಳ: ಮೊದಲು ಗುಂಡಿ ಒತ್ತಿದವರ ದೀಪ ಹೊತ್ತಿ, ಉಳಿದವರ ಗುಂಡಿಗಳು ನಿಷ್ಕ್ರಿಯವಾಗುತ್ತವೆ. ಪಂದ್ಯಾವಳಿಗೆ ಪ್ರವೇಶಧನ ಕೊಡಬೇಕು. ಆದರೆ ಪೆಟ್ಟಿಗೆಯನ್ನೋ ಪ್ರಶ್ನೆ ಓದಬಲ್ಲವರನ್ನೋ ಕರೆತಂದ ಶಾಲೆಗೆ ಅದರಲ್ಲಿ ರಿಯಾಯಿತಿ ಕೊಡುವುದು ವಾಡಿಕೆ. ಓದುವವರಲ್ಲಿ ಹೆಚ್ಚಿನವರು ಉಪಾಧ್ಯಾಯರು, ಪೋಷಕರು, ಹಿಂದೆ ಆಡಿ ಈಗ ಕಾಲೇಜು ಸೇರಿದವರು.

ಇನ್ನು ಆಟದ ನಿಯಮಗಳು. ಇವು ಪ್ರಾಂತದಿಂದ ಪ್ರಾಂತಕ್ಕೆ ಸ್ವಲ್ಪ ಬದಲಾಗುತ್ತವೆ. ಇಲಿನಾಯ್‌ನಲ್ಲಿ ತಂಡಕ್ಕೆ ಐವರು. ಬೇರೆಡೆ ಸಾಮಾನ್ಯವಾಗಿ ನಾಲ್ವರು. 1996ರಲ್ಲಿ ಸ್ಥಾಪಿತವಾದ, ಎನ್‌ಎಕ್ಯುಟಿ ಎಂಬ ಸಂಕ್ಷಿಪ್ತ ಹೆಸರಿನ ಪ್ರಶ್ನೆ ರಚನಾ ಸಂಸ್ಥೆಯ ನಿಯಮಗಳು ಬಹುಕಡೆ ಬಳಕೆಯಲ್ಲಿರುವುದರಿಂದ ಅವನ್ನೇ ಹೇಳುತ್ತೇನೆ. ಪ್ರಶ್ನೆಗಳು ಎರಡು ಬಗೆ. ಮೊದಲನೆಯದು 'ಟಾಸ್‌ಅಪ್', ಮೇಲೆಸೆದ ಚೆಂಡಿನಂತೆ ಇದು ಯಾರಿಗೆ ಸಿಕ್ಕರೆ ಅವರಿಗೆ. ಇಲ್ಲಿ ತಂಡದವರು ಪರಸ್ಪರ ಮಾತನಾಡುವಂತಿಲ್ಲ. ಯಾರಿಗೆ ಉತ್ತರ ಹೊಳೆಯಿತೋ ಅವರು, ಪ್ರಶ್ನೆ ಓದುತ್ತಿರುವಾಗಲೇ, ಗುಂಡಿ ಒತ್ತಬಹುದು. ಓದುಗರು ಆ ಕ್ಷಣದಲ್ಲೇ ನಿಲ್ಲಿಸುತ್ತಾರೆ. ಉತ್ತರ ಸರಿಯಾದರೆ 10 ಅಂಕ, ಮತ್ತು ಆ ತಂಡಕ್ಕೆ ಮಾತ್ರ 'ಬೋನಸ್' ಎಂಬ ಎರಡನೆಯ ಬಗೆಯ ಪ್ರಶ್ನೆ. ಬೋನಸ್ಸಿನಲ್ಲಿ ಮೂರು ಭಾಗಗಳು, ಒಂದೊಂದಕ್ಕೆ 10 ಅಂಕ. ಇಲ್ಲಿ ತಂಡದವರು ಸಮಾಲೋಚಿಸಬಹುದು. ಹೀಗೆ ಒಬ್ಬನ ಬುದ್ಧಿ ಬಾಗಿಲು ತೆರೆಯುತ್ತದೆ, ಎಲ್ಲರ ಬುದ್ಧಿ ಒಳಗಿನದನ್ನು ಬಾಚಿಕೊಳ್ಳುತ್ತದೆ.

ಪ್ರಶ್ನೆ ಮುಗಿಯುವ ಮುನ್ನವೇ ಗುಂಡಿ ಒತ್ತಬಹುದು ಎಂಬ ಒಂದು ನಿಯಮದಿಂದ ಪ್ರಶ್ನೆಯ ಸ್ವರೂಪವೇ ಮಾರ್ಪಟ್ಟಿತು. ಇದನ್ನು ದೃಷ್ಟಾಂತದ ಮೂಲಕ ತೋರಿಸುತ್ತೇನೆ. 'ಕನ್ನಡದ ಆದಿಕವಿ ಯಾರು?' ಎಂದು ಕೇಳಿದೆವೆನ್ನಿ. ಎರಡು ತಂಡಗಳ ಎಂಟೂ ಮಂದಿಗೆ ಉತ್ತರ ಗೊತ್ತು. ಗೆಲ್ಲುವುದು ಬೆರಳಿನ ಚುರುಕು, ತಿಳಿವಳಿಕೆಯಲ್ಲ. ಆರಂಭದ ದಿನಗಳ ಪ್ರಶ್ನೆಗಳಲ್ಲಿ ಇಂಥವು ಬಹಳ ಇದ್ದವು. ಈಗಿನ ರೀತಿಯಲ್ಲಿ ಅದೇ ಪ್ರಶ್ನೆಯನ್ನು ನಾನು ಹೀಗೆ ರಚಿಸಬೇಕಾಗುತ್ತದೆ. ಉತ್ತರ ಹೊಳೆದ ಕ್ಷಣದಲ್ಲಿ ನೀವೂ ಮನಸ್ಸಿನಲ್ಲೇ ಗುಂಡಿ ಒತ್ತಿಬಿಡಿ.

'ಈ ಕವಿಯ ತಮ್ಮ ಜಿನವಲ್ಲಭನು ಕುರಿಕ್ಯಾಲದ ಬಳಿಯ ಬೆಟ್ಟದ ಬಂಡೆಯ ಮೇಲೆ ಕನ್ನಡ, ಸಂಸ್ಕೃತ, ತೆಲುಗು ಮೂರೂ ಭಾಷೆಗಳಲ್ಲಿ ಶಾಸನ ಬರೆಸಿದನು. ತನ್ನ ಎರಡು ಕಾವ್ಯಗಳಲ್ಲಿ ಒಂದನ್ನು ಆರು ತಿಂಗಳಲ್ಲಿ, ಇನ್ನೊಂದನ್ನು ಮೂರು ತಿಂಗಳಲ್ಲಿ ಮುಗಿಸಿದೆನೆಂದು ಈತನೇ ಹೇಳಿಕೊಂಡಿದ್ದಾನೆ. ತನ್ನ ಆಶ್ರಯದಾತನಾದ ಚಾಳುಕ್ಯ ಅರಿಕೇಸರಿಯನ್ನು ಅರ್ಜುನನೊಡನೆ ಅಭೇದವಾಗಿ ಕಲ್ಪಿಸಿ ಭಾರತದ ಕಥೆಯನ್ನು ಹೇಳಿದನು. ಹತ್ತು ಅಂಕಗಳಿಗೆ ಹೇಳಿ: 941ರಲ್ಲಿ ಆದಿಪುರಾಣವನ್ನು ರಚಿಸಿದ, ಕನ್ನಡದ ಆದಿಕವಿ ಎನಿಸಿಕೊಂಡ ಈತ ಯಾರು?'

ಮೊದಲ ವಾಕ್ಯಕ್ಕೆ ಗುಂಡಿ ಒತ್ತುವವರು ಶಾಸನಗಳ ಪರಿಚಯವುಳ್ಳವರು. ಎರಡನೆಯದಕ್ಕೆ ಒತ್ತುವವರು ಕಾವ್ಯವನ್ನು ಸ್ವತಃ ಓದಿದವರು. ಮೂರನೆಯದಕ್ಕೆ ಸಾಹಿತ್ಯ ಚರಿತ್ರೆಯನ್ನು ಓದಿದವರು. ಕೊನೆಯ ವಾಕ್ಯ ಶಾಲೆಯ ಪಾಠ ಮರೆಯದ ಎಲ್ಲರಿಗಾಗಿ. ವಿರಳವಾದದ್ದರಿಂದ ಹೊರಟು ಸರ್ವವಿದಿತವಾದದ್ದರಲ್ಲಿ ಮುಗಿಯುವ, ತುದಿ ಕಿರಿದಾಗಿ ಬುಡ ಅಗಲವಾಗಿರುವ ಈ ರಚನೆಗೆ ಅಲ್ಲಿನವರು 'ಪಿರಮಿಡ್' ರೀತಿ ಎನ್ನುತ್ತಾರೆ. ಒಗಟು ವಸ್ತುವನ್ನು ಮರೆಮಾಡಿ ಬುದ್ಧಿಯನ್ನು ಕೆಣಕುತ್ತದೆ. ಈ ಪ್ರಶ್ನೆಯಾದರೋ ವಾಕ್ಯದಿಂದ ವಾಕ್ಯಕ್ಕೆ ವಸ್ತುವನ್ನು ತೆರೆದು ತೋರುತ್ತ ಹೋಗುತ್ತದೆ. ಯಾರು ಎಷ್ಟು ಮೊದಲೇ ಗುರುತು ಹಿಡಿದರು ಎಂಬುದರಿಂದ ಯಾರ ಪರಿಚಯ ಎಷ್ಟು ಆಳವಾದದ್ದೆಂಬುದು ಹೊರಬೀಳುತ್ತದೆ. ತಿಳಿದಿದೆ, ತಿಳಿದಿಲ್ಲ ಎಂಬ ಎರಡೇ ಪೆಟ್ಟಿಗೆಗಳ ಪರೀಕ್ಷೆಗಿಂತ ಇದು ಹೆಚ್ಚು ನ್ಯಾಯವಾದದ್ದೆಂದು ನನ್ನ ಭಾವನೆ. ನಾಚಿಕೆಯ ಸ್ವಭಾವದ, ಮೂರು ವಾಕ್ಯ ಮಾತನಾಡಲೂ ಹಿಂಜರಿಯುವ ಹುಡುಗಿಯೊಬ್ಬಳ ಓದಿಗೆ ಒಂದು ಬೆರಳಿನ ಚಲನೆಯಲ್ಲಿ ಇಲ್ಲಿ ಮನ್ನಣೆ ಸಿಗುತ್ತದೆ.

ಅಂಕಗಳ ಏರ್ಪಾಡೂ ಇದೇ ತತ್ತ್ವವನ್ನು ಅನುಸರಿಸಿದೆ. ಪ್ರಶ್ನೆಯ ನಡುವೆ ಒಂದೆಡೆ ಗುರುತು ಹಾಕಿರುತ್ತಾರೆ. ಅದಕ್ಕೆ ಮುಂಚೆ ಸರಿಯಾಗಿ ಉತ್ತರಿಸಿದರೆ 10ರ ಬದಲು 15 ಅಂಕ. ನಡುವೆ ತಡೆದು ತಪ್ಪು ಹೇಳಿದರೆ 5 ಅಂಕ ನಷ್ಟ. ಅಲ್ಲದೆ ಆ ತಂಡಕ್ಕೆ ಆ ಪ್ರಶ್ನೆಯಲ್ಲಿ ಮತ್ತೆ ಅವಕಾಶವಿಲ್ಲ. ಎದುರಾಳಿಗಳು ಪ್ರಶ್ನೆಯನ್ನು ಕೊನೆಯವರೆಗೆ ನಿರಾತಂಕವಾಗಿ ಕೇಳಿ 10 ಅಂಕವನ್ನೂ, ಬೆನ್ನಿಗೆ 30 ಅಂಕದ ಬೋನಸ್ಸನ್ನೂ ಪಡೆಯಬಹುದು. ಆದ್ದರಿಂದ ಆಟಗಾರನಿಗೆ ತನಗೆ ಏನು ಗೊತ್ತು ಎಂಬುದರಷ್ಟೇ, ಅದು ಎಷ್ಟು ಖಚಿತವಾಗಿ ಗೊತ್ತು ಎಂಬ ವಿವೇಕವೂ ಬೇಕು. ಅರೆತಿಳಿವಿನ ಆತುರಕ್ಕೆ ಇಲ್ಲಿ ದಂಡ ಉಂಟು.

ಉತ್ತರ ಸರಿಯೋ ತಪ್ಪೋ ಎಂಬುದರಲ್ಲೂ ಸೂಕ್ಷ್ಮಗಳಿವೆ. ಪ್ರತಿ ಪ್ರಶ್ನೆಯ ಕೆಳಗೆ, ಯಾವ ಯಾವ ಉತ್ತರಗಳನ್ನು ಒಪ್ಪಬಹುದೆಂದು ರಚನಕಾರರು ಬರೆದಿರುತ್ತಾರೆ. ಬೇಂದ್ರೆ ಎನ್ನುವ ಕಡೆ ಅಂಬಿಕಾತನಯದತ್ತ ಎಂದರೆ ಸರಿ. ಬರಿಯ 'ಅರಿಕೇಸರಿ' ಎಂದರೆ, ಆ ಹೆಸರಿನ ಅರಸರು ಒಬ್ಬರಿಗಿಂತ ಹೆಚ್ಚು ಮಂದಿ ಇರುವುದರಿಂದ, 'ಇನ್ನೂ ಸ್ಪಷ್ಟವಾಗಿ' ಎಂದು ಓದುವವರು ಕೇಳಬೇಕು. ಪಂಪನ ಬದಲು ಅಭಿನವಪಂಪ ಎಂದರೆ ತಪ್ಪು, ಅವನು ನಾಗಚಂದ್ರ. ತೀರ್ಪಿನಲ್ಲಿ ಅನ್ಯಾಯವಾಯಿತೆಂದು ತೋರಿದರೆ ಆಕ್ಷೇಪಣೆ ಸಲ್ಲಿಸುವ ಕ್ರಮವೂ ಇದೆ.

ವಿಷಯಗಳ ಹರವು ದೊಡ್ಡದು: ಸಾಹಿತ್ಯ, ಇತಿಹಾಸ, ವಿಜ್ಞಾನ, ಚಿತ್ರಕಲೆ, ಸಂಗೀತ, ಧರ್ಮ, ಪುರಾಣ, ತತ್ತ್ವಶಾಸ್ತ್ರ, ಭೂಗೋಳ. ಮಹಾಭಾರತದ ಪಾತ್ರಗಳೂ ರವೀಂದ್ರನಾಥ ಟಾಗೋರರ ಕೃತಿಗಳೂ ಆ ಮಕ್ಕಳ ಪ್ರಶ್ನೆಗಳಲ್ಲಿ ಬರುತ್ತವೆ. ಇಷ್ಟೆಲ್ಲವನ್ನೂ ಒಬ್ಬನೇ ಅರಗಿಸಿಕೊಳ್ಳುವುದು ಅಸಾಧ್ಯ. ಆದ್ದರಿಂದ ಒಬ್ಬರು ರಸಾಯನಶಾಸ್ತ್ರ, ಇನ್ನೊಬ್ಬರು ಯುರೋಪಿನ ಇತಿಹಾಸ ಎಂದು ತಂಡದವರು ಹಂಚಿಕೊಳ್ಳುತ್ತಾರೆ.

ಇಷ್ಟು ಹೇಳಿದ ಮೇಲೆ ಇದರ ದೌರ್ಬಲ್ಯವನ್ನೂ ಹೇಳದಿದ್ದರೆ ವಿವರಣೆ ಅಪೂರ್ಣವಾಗುತ್ತದೆ. ಆಳವಾದ ಓದಿಗೆ ಪುರಸ್ಕಾರವೆಂದು ಇಟ್ಟ ಮೊದಲ ಸುಳಿವನ್ನೇ ಉರುಹೊಡೆಯಬಹುದಲ್ಲ? ಹಳೆಯ ಪ್ರಶ್ನೆಪತ್ರಿಕೆಗಳು ಅಂತರ್ಜಾಲದಲ್ಲಿ ಉಚಿತವಾಗಿ ದೊರೆಯುತ್ತವೆ. ಅವುಗಳಲ್ಲಿ ಪದೇಪದೇ ಬರುವ ಸುಳಿವುಗಳನ್ನು ಪಟ್ಟಿಮಾಡಿ ಕಂಠಪಾಠ ಮಾಡಿದವನು, ಕಾದಂಬರಿಯ ಒಂದು ಪುಟವನ್ನೂ ತೆರೆಯದೆ, ಅದರ ಗೌಣ ಪಾತ್ರದ ಹೆಸರು ಕೇಳಿದೊಡನೆ ಕೃತಿಯ ಹೆಸರನ್ನು ಹೇಳಿಬಿಡುತ್ತಾನೆ. ಕುರಿಕ್ಯಾಲವೆಂದರೆ ಪಂಪ ಎಂಬುದಿಷ್ಟನ್ನೇ ಕಲಿತವನಿಗೂ, ಆ ಶಾಸನ ಪಂಪನ ಜೀವನದ ಬಗ್ಗೆ ಏನು ಹೇಳುತ್ತದೆಂದು ಬಲ್ಲವನಿಗೂ ಬಜರ್ ಪೆಟ್ಟಿಗೆ ಒಂದೇ ದೀಪವನ್ನು ಹೊತ್ತಿಸುತ್ತದೆ. ಗಿಳಿಪಾಠವನ್ನು ಹೊರದೂಡಲು ಕಟ್ಟಿದ ಗೋಡೆಯ ಬುಡದಲ್ಲೇ ಗಿಳಿ ಗೂಡು ಕಟ್ಟಿದಂತಾಯಿತು.

ಇದಕ್ಕೆ ಉಪಾಯ ಒಂದೇ: ಪ್ರಶ್ನೆ ಬರೆಯುವವರು ಮೂಲ ಕೃತಿಯನ್ನೇ ಮತ್ತೆ ಓದಿ, ಹಿಂದಾರೂ ಬಳಸದ, ಆದರೆ ಓದಿದವರು ಮರೆಯಲಾಗದ ಪ್ರಸಂಗವನ್ನು ಆಯ್ದುಕೊಳ್ಳುವುದು. ಒಳ್ಳೆಯ ರಚನಕಾರರು ಇದನ್ನೇ ಮಾಡುತ್ತಾರೆ. ಆಟದ ಘನತೆ ಆಟಗಾರರಿಗಿಂತ ಹೆಚ್ಚಾಗಿ ಈ ಕಾಣದ ಕೈಗಳಲ್ಲಿದೆ. ಆ ಕೈಗಳು ಪ್ರಾಮಾಣಿಕವಾಗಿಯೂ ಇರಬೇಕು. ಒಂದೇ ಪ್ರಶ್ನೆಪತ್ರಿಕೆಯನ್ನು ಬೇರೆ ಬೇರೆ ಊರುಗಳಲ್ಲಿ ಬೇರೆ ಬೇರೆ ವಾರಗಳಲ್ಲಿ ಬಳಸುವುದರಿಂದ, ಎಲ್ಲರೂ ಆಡಿ ಮುಗಿಸುವವರೆಗೆ ಅದರ ಬಗ್ಗೆ ಯಾರೂ ಬಾಯಿಬಿಡಬಾರದೆಂಬ ಕಟ್ಟುಪಾಡಿದೆ. ಕಾಲೇಜು ಮಟ್ಟದಲ್ಲಿ ಈ ನಂಬಿಕೆ ಒಮ್ಮೆ ಮುರಿದದ್ದುಂಟು. ಮುಂದಿನ ಪ್ರಶ್ನೆಗಳ ಮಾಹಿತಿಯಿದ್ದ ಪುಟಗಳನ್ನು ಆಟಗಾರರೊಬ್ಬರು ನೋಡಿದ್ದರೆಂದು ತಿಳಿದುಬಂದಾಗ, 2013ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ತಂಡದ ನಾಲ್ಕು ಪ್ರಶಸ್ತಿಗಳನ್ನು ರದ್ದುಪಡಿಸಲಾಯಿತು.

ನಮ್ಮ ದೇಶದ ರಸಪ್ರಶ್ನೆಯ ಹಾದಿ ಬೇರೆ. ಕಲ್ಕತ್ತೆಯಲ್ಲಿ 1967ರಲ್ಲಿ ನೀಲ್ ಓಬ್ರಿಯನ್ ಅವರು ನಡೆಸಿದ ಸ್ಪರ್ಧೆಯಿಂದ ಮೊದಲಾಗಿ, 1983ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಕರ್ನಾಟಕ ಕ್ವಿಜ್ ಅಸೋಸಿಯೇಷನ್‌ವರೆಗೆ, ಪ್ರಶ್ನೆ ತಂಡದಿಂದ ತಂಡಕ್ಕೆ ದಾಟುವ, ಸುಳಿವುಗಳಿಂದ ಊಹಿಸಿ ಉತ್ತರ ಬಿಡಿಸುವ ರೀತಿ ನಮ್ಮಲ್ಲಿ ಬೆಳೆಯಿತು. ಒಗಟಿನ ರಕ್ತ ಅದರಲ್ಲಿ ಹರಿಯುತ್ತಿದೆ. 2002ರಿಂದ ಚಂದನ ವಾಹಿನಿಯಲ್ಲಿ ಡಾ. ನಾ. ಸೋಮೇಶ್ವರ ಅವರು ನಡೆಸಿಕೊಟ್ಟ 'ಥಟ್ ಅಂತ ಹೇಳಿ' ಬಹುಮಾನವಾಗಿ ಪುಸ್ತಕವನ್ನೇ ಕೊಟ್ಟು, ಕನ್ನಡದಲ್ಲೂ ಈ ಆಟಕ್ಕೆ ಮನೆಮನೆಯ ಪ್ರೇಕ್ಷಕರಿದ್ದಾರೆಂದು ತೋರಿಸಿತು. ಒಂದು ರೀತಿ ಹೆಚ್ಚು, ಇನ್ನೊಂದು ಕಡಿಮೆ ಎಂದು ನಾನು ಹೇಳುತ್ತಿಲ್ಲ. ಆದರೆ ಶಾಲೆಯೊಳಗಿನ ಬಳಕೆಗೆ ಪಿರಮಿಡ್ ರೀತಿಯಿಂದ ನಾವು ಪಡೆಯಬಹುದಾದದ್ದೊಂದಿದೆ. ಅದಕ್ಕೆ ಬಜರ್ ಪೆಟ್ಟಿಗೆಯೂ ಅನಿವಾರ್ಯವಲ್ಲ. ಮೇಜು ತಟ್ಟಿದರೆ ಸಾಕು. ಕನ್ನಡ ಪಂಡಿತರು ವಾರಕ್ಕೊಮ್ಮೆ ಇಂಥ ಹತ್ತು ಪ್ರಶ್ನೆಗಳನ್ನು ಬರೆದು ಎರಡು ಬೆಂಚುಗಳ ನಡುವೆ ಓದಿದರೆ, ಎರಡನೆಯ ವಾಕ್ಯಕ್ಕೇ ಮೇಜು ತಟ್ಟುವ ಮಗು ಯಾವುದೆಂದು ಅವರಿಗೆ ಗೊತ್ತಾಗುತ್ತದೆ. ತಟ್ಟಲಾಗದೆ ಉಳಿದ ಮಕ್ಕಳ ಕಿವಿಗೂ ಅಷ್ಟು ಹೊತ್ತಿಗೆ ಒಂದು ಬೆಟ್ಟದ, ಒಬ್ಬ ತಮ್ಮನ, ಮೂರು ಭಾಷೆಯ ಶಾಸನದ ಸುದ್ದಿ ಬಿದ್ದಿರುತ್ತದೆ. ಉತ್ತರವನ್ನು ಸೋತವರೂ ಪ್ರಶ್ನೆಯನ್ನು ಮನೆಗೆ ಒಯ್ಯುತ್ತಾರೆ.