ಡಬ್ಬದ ಪುಡಿಯಿಂದ ಮಕ್ಕಳು ಉದ್ದವಾಗುತ್ತಾರೆಯೇ?

ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದ ರಜೆಯಲ್ಲಿ ನಮ್ಮಂಥ ವೈದ್ಯರ ಬಳಿಗೆ ಒಂದು ಬಗೆಯವರು ಹೆಚ್ಚಾಗಿ ಬರುತ್ತಾರೆ. ಕಾಯಿಲೆ ಏನೂ ಇರುವುದಿಲ್ಲ. ಕೈಯಲ್ಲೊಂದು ಡಬ್ಬ ಹಿಡಿದ ತಾಯಿ, ಪಕ್ಕದಲ್ಲಿ ನೆಲ ನೋಡುತ್ತ ನಿಂತ ಮಗ ಅಥವಾ ಮಗಳು. "ಡಾಕ್ಟ್ರೇ, ಆರು ತಿಂಗಳಿಂದ ಇದನ್ನ ಕುಡಿಸ್ತಾ ಇದೀನಿ, ಉದ್ದವೇ ಆಗ್ಲಿಲ್ಲ. ಬೇರೆ ಯಾವುದಾದ್ರೂ ಒಳ್ಳೇ ಟಾನಿಕ್ ಬರೆದುಕೊಡಿ."

ನಿಮ್ಮ ಮನೆಯಲ್ಲೂ ಅಂಥ ಡಬ್ಬವಿದ್ದರೆ, ಇನ್ನೊಂದನ್ನು ಕೊಳ್ಳುವ ಮೊದಲು ಎತ್ತರ ಹೇಗೆ ಬರುತ್ತದೆ ಎಂಬುದನ್ನು ಸ್ವಲ್ಪ ತಿಳಿಯಿರಿ.

ಕೈಕಾಲುಗಳ ಉದ್ದ ಮೂಳೆಗಳ ತುದಿಯ ಹತ್ತಿರ ಮೃದ್ವಸ್ಥಿಯ ತೆಳುವಾದ ಪದರವೊಂದಿರುತ್ತದೆ. ಅಲ್ಲಿ ಹುಟ್ಟುವ ಜೀವಕೋಶಗಳು ಕ್ರಮೇಣ ಮೂಳೆಯಾಗಿ ಗಟ್ಟಿಯಾಗುವುದರಿಂದಲೇ ಮೂಳೆ ಉದ್ದವಾಗುವುದು. ಹರೆಯದ ಹಾರ್ಮೋನುಗಳು ಮೊದಲು ಈ ಕೆಲಸವನ್ನು ಚುರುಕುಗೊಳಿಸುತ್ತವೆ; ಕೊನೆಗೆ ಅವೇ ಈ ಪದರವನ್ನು ಮುಚ್ಚಿಬಿಡುತ್ತವೆ. ಹುಡುಗಿಯರು ಮೈನೆರೆದ ಮೇಲೆ ಸಾಮಾನ್ಯವಾಗಿ 5ರಿಂದ 7 ಸೆಂಟಿಮೀಟರ್ ಬೆಳೆದು ಎರಡು-ಮೂರು ವರ್ಷಗಳಲ್ಲಿ ನಿಲ್ಲುತ್ತಾರೆ. ಹೆಚ್ಚಿನ ಹುಡುಗರಿಗೆ 16ರಿಂದ 18 ವರ್ಷದವರೆಗೆ ಅವಕಾಶವಿದೆ. ಪದರ ಮುಚ್ಚಿಕೊಂಡ ನಂತರ ಯಾವ ಪುಡಿ, ಲೇಹ್ಯ, ಗುಳಿಗೆಯಿಂದಲೂ ಮೂಳೆ ಉದ್ದವಾಗದು.

ಹಾಗಾದರೆ ಮುಚ್ಚುವ ಮೊದಲೇ ಕೊಟ್ಟರೆ? ಕೊರತೆ ಇದ್ದವರಿಗೆ ಉಪಯೋಗವಾಗುತ್ತದೆ. ಬಿಹಾರದಲ್ಲಿ ಹುಟ್ಟಿದ ವೈದ್ಯ ಆನಂದ ಪ್ರಸಾದ್ ಅವರು 1958ರಲ್ಲಿ ಇರಾನಿನ ಶಿರಾಜ್ ನಗರದಲ್ಲಿ 21 ವರ್ಷದ ರೋಗಿಯೊಬ್ಬನನ್ನು ಕಂಡರು. ನೋಡಲು ಹತ್ತು ವರ್ಷದ ಬಾಲಕ! ಅವನ ಆಹಾರ ಬಹುಪಾಲು ಹುಳಿ ಬರಿಸದ ಹಿಟ್ಟಿನ ರೊಟ್ಟಿ. ಜೊತೆಗೆ ಮಣ್ಣು ತಿನ್ನುವ ಚಟ. ಧಾನ್ಯದಲ್ಲಿರುವ ಫೈಟೇಟ್ ಎಂಬ ಅಂಶ ಸತುವನ್ನು ಕರುಳು ಹೀರದಂತೆ ತಡೆಯುತ್ತದೆ. ಮುಂದೆ ಈಜಿಪ್ಟಿನಲ್ಲಿ ಇಂಥ ಹುಡುಗರಿಗೆ ಸತುವನ್ನು ಕೊಟ್ಟಾಗ ಅವರು ಗಮನಾರ್ಹವಾಗಿ ಬೆಳೆದರು. ಕಾಳು ಮೊಳಕೆ ಬರಿಸುವ, ದೋಸೆ ಹಿಟ್ಟು ಹುಳಿ ಬರಿಸುವ ನಮ್ಮ ಅಜ್ಜಿಯರ ಪದ್ಧತಿ ಈ ಫೈಟೇಟನ್ನು ತಗ್ಗಿಸುತ್ತದೆ ಎಂಬುದು ಗಮನಿಸಬೇಕಾದ ಮಾತು.

ಆದರೆ ಹೊಟ್ಟೆ ತುಂಬ ಉಣ್ಣುವ, ಕೊರತೆಯಿಲ್ಲದ ಮಗುವಿಗೆ ಇನ್ನಷ್ಟು ಸುರಿದರೆ ಇನ್ನಷ್ಟು ಎತ್ತರ ಬರುವುದಿಲ್ಲ. ವಿಟಮಿನ್ ಡಿ ಕಥೆ ಇನ್ನೂ ವಿಚಿತ್ರ. ಅದರ ಕೊರತೆ ವ್ಯಾಪಕವಾಗಿರುವ ಮಂಗೋಲಿಯಾದಲ್ಲೇ ಸಾವಿರಾರು ಶಾಲಾ ಮಕ್ಕಳಿಗೆ ಮೂರು ವರ್ಷ ವಾರವಾರವೂ ಕೊಟ್ಟು ನೋಡಿದರು; ಎತ್ತರದಲ್ಲಿ ವ್ಯತ್ಯಾಸ ಕಾಣಲಿಲ್ಲ. ಅತಿಯಾದರೆ ಮಾತ್ರ ಅದು ರಕ್ತದಲ್ಲಿ ಕ್ಯಾಲ್ಸಿಯಂ ಏರಿಸಿ ಮೂತ್ರಪಿಂಡಕ್ಕೆ ಕುತ್ತು ತರುತ್ತದೆ. ಹೆಸರು-ವಿಳಾಸವಿಲ್ಲದ ಪುಡಿಗಳ ವಿಷಯದಲ್ಲಂತೂ ಬಹಳ ಎಚ್ಚರ ಬೇಕು. ಮೈಕಟ್ಟು ಬೆಳೆಸುವ ಸ್ಟೆರಾಯ್ಡ್ ಅದರಲ್ಲಿ ಬೆರೆತಿದ್ದರೆ ಬೆಳೆಯುವ ಪದರ ಬೇಗನೆ ಮುಚ್ಚಿ ಹುಡುಗ ಕುಳ್ಳಾಗಿಯೇ ಉಳಿದಾನು. ಔಷಧದಿಂದ ಎತ್ತರ ಹೆಚ್ಚಿಸುವುದಾಗಿ ಜಾಹೀರಾತು ಮಾಡುವುದನ್ನು ನಮ್ಮ ದೇಶದ 1954ರ ಕಾಯಿದೆ ನಿಷೇಧಿಸಿದೆ. ಗೋಡೆಗಳ ಮೇಲಿನ ಬರಹ ನೋಡಿದರೆ ಯಾರೂ ಅದನ್ನು ಓದಿದಂತಿಲ್ಲ!

ಇನ್ನು ಹಾಲಿಗೆ ಬೆರೆಸುವ ಪುಡಿಗಳು. ಸ್ಕಾಟ್ಲೆಂಡಿನ ಶಾಲೆಗಳಲ್ಲಿ ದಿನವೂ ಹಾಲು ಕೊಟ್ಟ ಮಕ್ಕಳು ಹೆಚ್ಚು ಬೆಳೆದುದನ್ನು ಜಾನ್ ಬಾಯ್ಡ್ ಆರ್ 1928ರಲ್ಲೇ ತೋರಿಸಿದ್ದರು. ಅವರು ಕೊಟ್ಟದ್ದು ಬರೀ ಹಾಲು. ಹಾಲು ಮಾಡಿದ ಕೆಲಸದ ಕೀರ್ತಿಯನ್ನು ಡಬ್ಬಕ್ಕೆ ಕೊಡುವುದೇಕೆ? ಅದೇ ದುಡ್ಡಿಗೆ ಮೊಟ್ಟೆ, ಮೀನು, ಬೇಳೆಕಾಳು ಬರುತ್ತವೆ.

ತಂದೆ-ತಾಯಿಯ ಎತ್ತರವನ್ನೂ ಮರೆಯಬೇಡಿ. ಎರಡನ್ನೂ ಕೂಡಿಸಿ, ಮಗನಾದರೆ 13 ಸೆಂಟಿಮೀಟರ್ ಸೇರಿಸಿ, ಮಗಳಾದರೆ 13 ಕಳೆದು, ಅರ್ಧ ಮಾಡಿ. ತಂದೆ 168, ತಾಯಿ 154 ಇದ್ದರೆ ಮಗ ಸುಮಾರು 167, ಮಗಳು 154ರ ಆಸುಪಾಸು. ಏಳೆಂಟು ಸೆಂಟಿಮೀಟರ್ ಹೆಚ್ಚುಕಡಿಮೆ ಆಗಬಹುದು.

ಡಬ್ಬಕ್ಕಿಂತ ಗೋಡೆಯ ಮೇಲಿನ ಪೆನ್ಸಿಲ್ ಗೆರೆ ಹೆಚ್ಚು ಉಪಯುಕ್ತ. ಆರು ತಿಂಗಳಿಗೊಮ್ಮೆ, ಬರಿಗಾಲಲ್ಲಿ, ಬೆಳಿಗ್ಗೆಯೇ ಅಳೆಯಿರಿ. ಸಂಜೆಯ ಹೊತ್ತಿಗೆ ಬೆನ್ನುಮೂಳೆಯ ನಡುವಿನ ಮೆತ್ತೆಗಳು ಅದುಮಿ ಎಲ್ಲರೂ ಒಂದಿಷ್ಟು ಗಿಡ್ಡವಾಗಿರುತ್ತಾರೆ. ಐದು ವರ್ಷ ದಾಟಿದ, ಇನ್ನೂ ಹರೆಯಕ್ಕೆ ಬಾರದ ಮಗು ವರ್ಷಕ್ಕೆ 5 ಸೆಂಟಿಮೀಟರಿಗಿಂತ ಕಡಿಮೆ ಬೆಳೆದರೆ ತಡಮಾಡದೆ ಮಕ್ಕಳ ವೈದ್ಯರಿಗೆ ತೋರಿಸಿ. ಹುಡುಗಿಗೆ 13, ಹುಡುಗನಿಗೆ 14 ತುಂಬಿದರೂ ಹರೆಯದ ಚಿಹ್ನೆ ಕಾಣದಿದ್ದರೂ ತೋರಿಸಬೇಕು. ಎಡಗೈಯ ಎಕ್ಸ್-ರೇ ತೆಗೆದರೆ ಬೆಳವಣಿಗೆಗೆ ಇನ್ನೆಷ್ಟು ಅವಕಾಶವಿದೆಯೆಂದು ಅಂದಾಜು ಸಿಗುತ್ತದೆ. ಅನೇಕರು ಬರೀ ತಡವಾಗಿ ಬೆಳೆಯುವವರು. ಅವರಿಗೆ ತಾಳ್ಮೆಯೇ ಮದ್ದು. ಕೆಲವರಲ್ಲಿ ಮಾತ್ರ ಥೈರಾಯ್ಡ್, ಕರುಳು, ಮೂತ್ರಪಿಂಡದ ತೊಂದರೆ ಅಡಗಿರುತ್ತದೆ. ಬೆಳವಣಿಗೆ ಹಾರ್ಮೋನಿನ ಕೊರತೆಗೆ ಚುಚ್ಚುಮದ್ದು ಉಂಟು, ಆದರೆ ಪದರ ಮುಚ್ಚುವ ಮೊದಲು ಮಾತ್ರ.

ಹನ್ನೊಂದು ವರ್ಷದ ಹುಡುಗಿಯೊಬ್ಬಳನ್ನು ಹೀಗೆ ಕರೆತಂದಿದ್ದರು. ಎರಡು ವರ್ಷ ನಾಲ್ಕು ಬಗೆಯ ಪುಡಿ ಕುಡಿಸಿದ್ದಾಗಿತ್ತು. "ಇವಳಿಗೆ ಯೂನಿಫಾರಂ ಖರ್ಚೇ ಇಲ್ಲ ಡಾಕ್ಟ್ರೇ, ಮೂರನೇ ಕ್ಲಾಸಿನದೇ ಇನ್ನೂ ಆಗುತ್ತೆ" ಎಂದು ತಾಯಿ ನಕ್ಕರು. ರಕ್ತ ಪರೀಕ್ಷೆಯಲ್ಲಿ ಥೈರಾಯ್ಡ್ ತೀರ ಕಡಿಮೆ ಇರುವುದು ಗೊತ್ತಾಯಿತು. ದಿನಕ್ಕೊಂದು ಚಿಕ್ಕ ಮಾತ್ರೆ ಶುರುವಾಯಿತು. ಕಳೆದುಹೋದ ಎರಡು ವರ್ಷದ ಬೆಳವಣಿಗೆ ಪೂರ್ತಿ ಮರಳುವುದೆಂದು ನಾನು ಭರವಸೆ ಕೊಡಲಿಲ್ಲ. ಮರುವರ್ಷ ಜೂನ್‌ನಲ್ಲಿ ಆ ತಾಯಿ ಮತ್ತೆ ಬಂದರು. ಲಂಗದ ಮಡಿಕೆ ಬಿಚ್ಚಿದರೂ ಸಾಲದೆ ಹೊಸದೇ ಹೊಲಿಸಬೇಕಾಯಿತಂತೆ.