ಅಂಜದೀವದ ನೌಕಾಸಮರ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಗಳಿಂದ ಬರುವ ನಮ್ಮ ಬಾಲಿಕೆಯರಲ್ಲಿ ಸಮುದ್ರವನ್ನು ಕಂಡವರು ವಿರಳ. ಭೀಮೆ ಕೃಷ್ಣೆಯರ ತುಂಬುಹೊಳೆಯೇ ಅವರು ಕಂಡಿರುವ ಮಹಾಜಲರಾಶಿ. ಆದುದರಿಂದ, ಗೋವೆಯು 1961ರಲ್ಲಿ ರಕ್ತಪಾತವಿಲ್ಲದೆ ವಿಮುಕ್ತವಾಯಿತೆಂದು ಓದಿ ಪುಟವನ್ನು ಮಗುಚುವುದು ಅವರಿಗೂ ನಮಗೂ ಸುಲಭವಾಗಿತ್ತು. ಆ ಮಾತು ಪೂರ್ಣಸತ್ಯವಲ್ಲ. ಅದನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ ಪಾಲಕರಿಗೂ ಇಲ್ಲಿ ವಿವರಿಸಲಿಚ್ಛಿಸುತ್ತೇವೆ.

ಗೋವೆಗೂ ನಮ್ಮ ಸೀಮೆಗೂ ನಂಟು ಹಳೆಯದು. 1510ರಲ್ಲಿ ಅಫೋನ್ಸೊ ದ ಅಲ್ಬುಕರ್ಕನು ಗೋವೆಯನ್ನು ಕಸಿದುಕೊಂಡದ್ದು ವಿಜಾಪುರದ ಆದಿಲಶಾಹಿಯಿಂದಲೇ. ಅದಕ್ಕೂ ಮುಂಚೆ, 1505ರಲ್ಲಿ, ಪೋರ್ತುಗೀಜರು ಕಾರವಾರದ ಸಮೀಪದ ಅಂಜದೀವವೆಂಬ ದ್ವೀಪದಲ್ಲಿ ಕೋಟೆ ಕಟ್ಟಿದ್ದರು. ಮರುವರ್ಷವೇ ಅದನ್ನು ಕೆಡವಿದರಾದರೂ 1682ರಲ್ಲಿ ಮರಳಿ ಬಂದು ನೆಲೆಯೂರಿದರು. ಈ ದ್ವೀಪವು ದಂಡೆಯಿಂದ ಸುಮಾರು ಎರಡು ಕಿಲೋಮೀಟರು ದೂರದಲ್ಲಿದೆ. ಅದರ ಉದ್ದವು ಒಂದೂವರೆ ಕಿಲೋಮೀಟರಿನಷ್ಟು ಮಾತ್ರ. ಭಾರತವು 1947ರಲ್ಲಿ ಸ್ವತಂತ್ರವಾದ ಮೇಲೂ ಈ ನೆಲದ ತುಣುಕು ಪರಾಧೀನವಾಗಿಯೇ ಉಳಿಯಿತು. 1961ನೆಯ ನವೆಂಬರದಲ್ಲಿ ಇಲ್ಲಿಂದ ‘ಸಾಬರಮತಿ’ ಎಂಬ ಪ್ರಯಾಣಿಕರ ಹಡಗಿನ ಮೇಲೆ ಗುಂಡು ಹಾರಿತು. ಅದೇ ತಿಂಗಳಲ್ಲಿ ಬಡ ಮೀನುಗಾರನೊಬ್ಬನೂ ಗುಂಡಿಗೆ ಬಲಿಯಾದನು.

ಡಿಸೆಂಬರ 18ರಂದು ಭಾರತದ ಸೇನೆಯು ಭೂಮಿ, ಆಕಾಶ, ಸಮುದ್ರ ಮೂರರಿಂದಲೂ ಮುಂದುವರಿಯಿತು. ಅಂಜದೀವವನ್ನು ಗೆಲ್ಲುವ ಭಾರವು ‘ಮೈಸೂರು’, ‘ತ್ರಿಶೂಲ’ ಎಂಬ ಯುದ್ಧನೌಕೆಗಳ ಮೇಲೆ ಬಿದ್ದಿತು. 1956ರಿಂದ ನಮ್ಮ ಜಿಲ್ಲೆಯೂ ಸೇರಿದ್ದ ರಾಜ್ಯದ ಹೆಸರೇ ಆ ಮೊದಲನೆಯ ನೌಕೆಯದೆಂಬುದನ್ನು ಓದುಗರು ಗಮನಿಸಬೇಕು.

ಇಷ್ಟು ಚಿಕ್ಕ ದ್ವೀಪವನ್ನು ಹಿಡಿಯುವುದೇನು ಕಷ್ಟವೆಂದು ಕೆಲವರು ಕೇಳಬಹುದು. ಕಷ್ಟವು ಹೀಗಿದೆ. ದೊಡ್ಡ ಹಡಗು ಬಂಡೆಗಳ ದಡಕ್ಕೆ ಹೋಗಲಾರದು. ನಾವಿಕರು ಸಣ್ಣ ದೋಣಿಗಳಲ್ಲಿ ಇಳಿದು ಸಾಗಬೇಕು. ಹಡಗಿನ ತೋಪುಗಳು ಅವರಿಗೆ ರಕ್ಷಣೆ. ಆದರೆ ದೋಣಿಗಳು ದಡವನ್ನು ಸಮೀಪಿಸಿದೊಡನೆ, ಸ್ವಜನರಿಗೇ ಪೆಟ್ಟು ತಗಲೀತೆಂದು ಆ ತೋಪುಗಳು ಮೌನವಾಗಬೇಕಾಗುತ್ತದೆ. ಬಯಲು ನೀರಿನ ಮೇಲೆ ಮರೆಯಿಲ್ಲ. ದಡದಲ್ಲಿ ಅಡಗಿದವನಿಗೆ ಕಲ್ಲಿನ ಮರೆಯುಂಟು. ಆ ಕೆಲವು ನಿಮಿಷಗಳೇ ಪ್ರಾಣಾಂತಿಕವಾದವು. ನಮ್ಮ ನೌಕಾದಳದವರ ಹೇಳಿಕೆಯಂತೆ ದ್ವೀಪದ ಮೇಲೆ ಬಿಳಿಯ ಬಾವುಟವು ಕಂಡಿತ್ತು; ಆದರೂ ಗುಂಡಿನ ಮಳೆ ಸುರಿಯಿತು. ಏಳು ಮಂದಿ ನಾವಿಕರು ಮಡಿದರು, ಹತ್ತೊಂಬತ್ತು ಮಂದಿ ಗಾಯಗೊಂಡರು. ಹಡಗುಗಳು ಮತ್ತೆ ತೋಪು ಹಾರಿಸಿದ ತರುವಾಯ, ಮರುದಿನ ದ್ವೀಪವು ಕೈವಶವಾಯಿತು.

ಅತ್ತ ಮುರಗಾಂವ ಬಂದರಿನಲ್ಲಿ ನಿಂತಿದ್ದ ಪೋರ್ತುಗೀಜ ಯುದ್ಧನೌಕೆಯ ಹೆಸರು ‘ಅಫೋನ್ಸೊ ದ ಅಲ್ಬುಕರ್ಕ’. 451 ವರ್ಷಗಳ ಹಿಂದೆ ಗೋವೆಯನ್ನು ಗೆದ್ದವನ ಹೆಸರೇ ಗೋವೆಯನ್ನು ಕಳೆದುಕೊಳ್ಳುವ ದಿನವೂ ಅಲ್ಲಿತ್ತು! 1934ರಲ್ಲಿ ನೀರಿಗಿಳಿದಿದ್ದ ಆ ಮುದಿಹಡಗು, ‘ಬೇತ್ವಾ’, ‘ಬಿಯಾಸ್’ ಎಂಬ ನಮ್ಮ ಹೊಸ ನೌಕೆಗಳನ್ನು ಎದುರಿಸಿ ಸುಮಾರು ಒಂದು ತಾಸು ಕಾದಿತು. ಅದರ ನಾಯಕನು ತೀವ್ರವಾಗಿ ಗಾಯಗೊಂಡನು. ಹಡಗು ದಡಕ್ಕೇರಿ ಕುಳಿತಿತು. ದೀವ ದ್ವೀಪದ ಬಳಿ ‘ವೇಗಾ’ ಎಂಬ ಕಾವಲುದೋಣಿಯು ವಿಮಾನಗಳ ಪೆಟ್ಟಿನಿಂದ ಮುಳುಗಿತು. ಡಿಸೆಂಬರ 19ರಂದು ಎಲ್ಲವೂ ಮುಗಿಯಿತು.

ಇಡೀ ಕಾರ್ಯಾಚರಣೆಯಲ್ಲಿ ಭಾರತದ 22 ಮಂದಿಯೂ ಪೋರ್ತುಗಲ್ಲಿನ ಸುಮಾರು 30 ಮಂದಿಯೂ ಸತ್ತರು. ಬೇರೆ ಯುದ್ಧಗಳೊಡನೆ ಹೋಲಿಸಿದರೆ ಇದು ಅಲ್ಪವೇ ಸರಿ. ಆದರೆ ಮಗನು ಮರಳಿ ಬಾರದ ಮನೆಯಲ್ಲಿ ಅದು ಅಲ್ಪವಾಗಿರಲಿಲ್ಲ. ಆ ಮನೆಯು ಭಾರತದಲ್ಲಿರಲಿ, ಪೋರ್ತುಗಲ್ಲಿನಲ್ಲಿರಲಿ. ಆದುದರಿಂದ ‘ರಕ್ತಪಾತವಿಲ್ಲದೆ’ ಎಂಬ ಪದವನ್ನು ನಮ್ಮ ಪಾಠದಿಂದ ತೆಗೆದುಹಾಕಿದ್ದೇವೆ. ಬಾಲಿಕೆಯರು ಈಗ ಏಳು ನಾವಿಕರನ್ನೂ ಒಬ್ಬ ಮೀನುಗಾರನನ್ನೂ ಲೆಕ್ಕಕ್ಕೆ ಹಿಡಿದೇ ಉತ್ತರ ಬರೆಯುತ್ತಾರೆ.

ಅಂಜದೀವವು ಈಗ 2005ರಲ್ಲಿ ಆರಂಭವಾದ ‘ಕದಂಬ’ ನೌಕಾನೆಲೆಯ ಮಗ್ಗುಲಲ್ಲಿದೆ. ಪಾಲಕರು ಮಕ್ಕಳೊಡನೆ ಕಾರವಾರಕ್ಕೆ ಹೋದಾಗ ಅಲೆಗಳನ್ನು ನೋಡಿ ಸಂತೋಷಪಡಲಿ. ಆದರೆ ದಂಡೆಯಾಚೆಯ ಆ ದ್ವೀಪದ ಕಡೆಗೆ ಒಮ್ಮೆ ಬೆರಳು ತೋರಿಸಿ, ಅಲ್ಲಿ ಮಡಿದವರ ಸಂಗತಿಯನ್ನೂ ಹೇಳಲೆಂದು ನಾವು ವಿನಂತಿಸುತ್ತೇವೆ.